ಎಡೆಗೆ ಕೂತ ಬಾಲ್ಕನ್ ದೊರೆ

ನಿವೃತ್ತಿಯಾದ ಮೇಲೆ ಮನುಷ್ಯನಿಗೆ ಏನಾದರೊಂದು ಚಟ ಬೇಕು. ನಮ್ಮ ಬೀದಿಯಲ್ಲಿ ಒಬ್ಬರು ಬೆಳಿಗ್ಗೆ ಎದ್ದು ನಂದಿಬೆಟ್ಟದ ರಸ್ತೆಯಲ್ಲಿ ನಡೆಯುತ್ತಾರೆ. ಇನ್ನೊಬ್ಬರು ಕುಂಡದಲ್ಲಿ ಕರಿಬೇವು ನೆಟ್ಟು, ಅದು ಯಾಕೆ ಚಿಗುರುತ್ತಿಲ್ಲ ಎಂದು ಹಾದುಹೋಗುವವರನ್ನೆಲ್ಲ ನಿಲ್ಲಿಸಿ ಕೇಳುತ್ತಾರೆ. ನನ್ನ ಚಟ ಹೇಳಿಕೊಳ್ಳಲು ಸ್ವಲ್ಪ ನಾಚಿಕೆ. ಮಧ್ಯಾಹ್ನ ಊಟವಾದ ಮೇಲೆ ಚಿಕ್ಕಬಳ್ಳಾಪುರದ ನಮ್ಮ ಮನೆಯ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು, ನಾನು ಫೋನಿನಲ್ಲಿ ಹತ್ತೊಂಬತ್ತನೆಯ ಶತಮಾನದ ಬಾಲ್ಕನ್ ದೊರೆಗಳ ಚಿತ್ರ ನೋಡುತ್ತೇನೆ. ಅದರಲ್ಲೂ ದರ್ಬಾರಿನ ಮಿಲಿಟರಿ ಉಡುಪು ತೊಟ್ಟು ನಿಂತ ಚಿತ್ರಗಳು. ನನ್ನ ಹೆಂಡತಿ ಒಂದು ದಿನ ಅನುಮಾನದಿಂದ ಹಿಂದೆ ಬಂದು ಇಣುಕಿದಳು. ಪೊದೆಮೀಸೆಯ ಗಂಡಸೊಬ್ಬನನ್ನು ಕಂಡು, ಅನುಮಾನ ಹೋಗಿ ಬೇಸರ ಬಂದು, ಒಳಗೆ ನಡೆದಳು.

ಈ ಚಟಕ್ಕೆ ಕಾರಣವಿದೆ. ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿಯೇ ನನ್ನ ಕೂದಲು ನೆರೆತದ್ದು. ಬಾಲ್ಕನ್ ಅಧ್ಯಾಯ ಬಂತೆಂದರೆ ಹುಡುಗರಿಗೆ ನಿದ್ದೆ, ನನಗೆ ಪುಟ ತಿರುವುವ ಅವಸರ. ಯುದ್ಧ, ಒಪ್ಪಂದ, ಆ ಒಪ್ಪಂದ ಮುರಿದದ್ದಕ್ಕೆ ಇನ್ನೊಂದು ಯುದ್ಧ. ಯಾವ ದೊರೆ ಯಾವ ದೇಶದವನೆಂದು ನನಗೇ ಗೋಜಲಾಗಿ, ‘ಇದು ಪರೀಕ್ಷೆಗೆ ಅಷ್ಟು ಮುಖ್ಯವಲ್ಲ’ ಎಂದು ದಾಟಿಸಿಬಿಡುತ್ತಿದ್ದೆ. ನಮ್ಮ ಪಠ್ಯದಲ್ಲಿ ಚಿತ್ರಗಳಿರಲಿಲ್ಲ. ಇದ್ದಿದ್ದರೆ ಹುಡುಗರೂ ಎದ್ದು ಕೂರುತ್ತಿದ್ದರು, ನಾನೂ ಎದ್ದು ಕೂರುತ್ತಿದ್ದೆ.

ಆ ಉಡುಪನ್ನು ನೀವೊಮ್ಮೆ ನೋಡಬೇಕು. ಎದೆತುಂಬ ಚಿನ್ನದೆಳೆಯ ಕಸೂತಿ, ಹೆಗಲ ಮೇಲೆ ಕುಚ್ಚು ಇಳಿಬಿಟ್ಟ ಬಿಲ್ಲೆ, ಹೆಗಲಿಂದ ಸೊಂಟಕ್ಕೆ ಓರೆಯಾಗಿ ಅಗಲವಾದ ರೇಷ್ಮೆ ಪಟ್ಟಿ, ಪಟ್ಟಿಯ ಪಕ್ಕ ಪದಕ, ಪದಕದ ಪಕ್ಕ ಜಾಗ ಉಳಿದಿದ್ದರೆ ಇನ್ನೊಂದು ಪದಕ. ಎಡಗೈ ಕತ್ತಿಯ ಹಿಡಿಯ ಮೇಲಿರುತ್ತದೆ. ಕತ್ತಿ ಒರೆಯಿಂದ ಹೊರಗೆ ಬಂದ ಚಿತ್ರವನ್ನು ನಾನಂತೂ ನೋಡಿಲ್ಲ. ಕೊರಳಪಟ್ಟಿ ಎಷ್ಟು ಎತ್ತರವೆಂದರೆ ಆ ದೊರೆಗಳು ತಲೆ ಬಗ್ಗಿಸಿ ತಮ್ಮ ಕಾಲು ತಾವು ನೋಡಿಕೊಂಡಿರಲಾರರು. ಅವರಲ್ಲಿ ಹಲವರು ಎಡವಿ ಬಿದ್ದದ್ದಕ್ಕೆ ಇದೂ ಒಂದು ಕಾರಣವೆಂದು ನನ್ನ ಖಾಸಗಿ ಅಭಿಪ್ರಾಯ. ನಮ್ಮ ಚಿಂತಾಮಣಿ ಕಡೆಯ ಮದುವೆ ಬ್ಯಾಂಡ್‌ಸೆಟ್‌ನವರ ಕೆಂಪು ಕೋಟು ಇದೇ ವಂಶದ್ದು. ಆದರೆ ನಮ್ಮವರು ಮೆರವಣಿಗೆ ಮುಗಿದ ಕೂಡಲೇ ಕೋಟು ಬಿಚ್ಚಿ ಹೆಗಲ ಮೇಲೆ ಎಸೆದುಕೊಂಡು ಊಟದ ಪಂಕ್ತಿಗೆ ನುಗ್ಗುತ್ತಾರೆ. ದೊರೆಗಳಿಗೆ ಆ ಭಾಗ್ಯ ಇರಲಿಲ್ಲ.

ಇನ್ನೊಂದು ಸ್ವಾರಸ್ಯವಿದೆ. ಆ ದೊರೆಗಳಲ್ಲಿ ಅನೇಕರು ಆ ಊರಿನವರೇ ಅಲ್ಲ. ನಮ್ಮ ಕಡೆ ಗಂಡು ಸಂತಾನವಿಲ್ಲದ, ಇಲ್ಲವೇ ಗಂಡಾಳು ಸಾಲದ ಮನೆಗೆ ಇಲ್ಲಟಂ ಎಂದು ಮನೆ ಅಳಿಯನನ್ನು ತರುತ್ತೇವಲ್ಲ, ಹಾಗೆ ಅವರೂ ಹೊರಗಿನಿಂದ ದೊರೆ ತಂದುಕೊಂಡರು. ರುಮೇನಿಯಾಕ್ಕೆ ಜರ್ಮನಿಯಿಂದ ಒಬ್ಬ, ಬಲ್ಗೇರಿಯಾಕ್ಕೂ ಅಲ್ಲಿಂದಲೇ ಒಬ್ಬ, ಗ್ರೀಸಿಗೆ ಡೆನ್ಮಾರ್ಕಿನ ಹುಡುಗ. ಮನೆ ಅಳಿಯನಿಗೆ ಯಾವಾಗಲೂ ಇರುವ ಸಂಕಟ ಅವರಿಗೂ ಇತ್ತು: ಊರಿನವರು ತನ್ನನ್ನು ಯಜಮಾನನೆಂದು ಒಪ್ಪಿದ್ದಾರೋ ಇಲ್ಲವೋ. ಅದಕ್ಕೇ ಅಷ್ಟು ಪದಕ. ಸರ್ಬಿಯಾದವರು ಮಾತ್ರ ಅಳಿಯನನ್ನು ತರಲಿಲ್ಲ. ಅಲ್ಲಿ ಊರಿನದೇ ಎರಡು ಮನೆತನಗಳಿದ್ದವು, ಎರಡರ ಮೂಲಪುರುಷರೂ ಹಂದಿ ವ್ಯಾಪಾರ ಮಾಡಿದವರು. ಒಂದು ಮನೆತನ ಇನ್ನೊಂದನ್ನು ಓಡಿಸುವುದು, ಓಡಿಹೋದವರು ಬಂದು ಇವರನ್ನು ಓಡಿಸುವುದು. ಪಂಚಾಯ್ತಿ ರಾಜಕೀಯ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಒಂದು ಭಾದ್ರಪದದ ಮಧ್ಯಾಹ್ನ ಒಬ್ಬರಾದ ಮೇಲೊಬ್ಬರನ್ನು ನೋಡುತ್ತ ಹೋಗುವಾಗ, ಬೆರಳು ಒಂದು ಚಿತ್ರದ ಮೇಲೆ ನಿಂತಿತು. ಸರ್ಬಿಯಾದ ಒಬ್ಬ ದೊರೆ. ದುಂಡು ಮುಖ, ಗಿಡ್ಡ ಕತ್ತು, ಮೇಲಕ್ಕೆ ತಿರುವಿದ ಮೀಸೆ, ಮೇಜಿನ ಮೇಲೆ ಬಿಳಿ ಗರಿಯ ಟೋಪಿ. ನೋಡಿದ ಕೂಡಲೇ ನನ್ನ ಬಾಯಿಂದ ಬಂದ ಮಾತು ‘ಅರೆ, ನಮ್ಮ ಮುತ್ತಾತ’.

ಈಗ ನಮ್ಮ ಮುತ್ತಾತನ ವಿಷಯ. ಕೆಂಚಾರ್ಲಹಳ್ಳಿಯ ನಮ್ಮ ಹಳೆಯ ಮನೆಗೆ ಊರಿನಲ್ಲಿ ಸುಬೇದಾರರ ಮನೆ ಎಂದೇ ಹೆಸರು. ಮುತ್ತಾತ ಮುನಿಶಾಮಪ್ಪ ಮೊದಲನೆಯ ಮಹಾಯುದ್ಧಕ್ಕೆ ಹಡಗು ಹತ್ತಿ ಹೋಗಿ ತಿರುಗಿ ಬಂದವನು. ನಡುಮನೆಯ ಗೋಡೆಯಲ್ಲಿ, ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನು ಒರಗಿಸಿಡುವ ಜಾಗದ ಮೇಲೆ, ಅವನ ಚಿತ್ರವಿದೆ. ಪದಕ, ರೇಷ್ಮೆ ಪಟ್ಟಿ, ಕತ್ತಿ, ಗರಿಯ ಟೋಪಿ, ಎಲ್ಲ. ಎಷ್ಟೋ ವರ್ಷದ ಒಲೆಯ ಹೊಗೆ, ಸಾಂಬ್ರಾಣಿ ಹೊಗೆ ಕುಡಿದು ಮುಖ ನಮ್ಮೆಲ್ಲರ ಬಣ್ಣಕ್ಕೇ ತಿರುಗಿದೆ. ಗಾಜಿನ ಮೇಲೆ ಹಣೆಯ ಜಾಗದಲ್ಲಿ ಗಂಧ ಕುಂಕುಮ ದಪ್ಪಗೆ ಕೂತಿದೆ. ನಮ್ಮಪ್ಪ ಆ ಚಿತ್ರ ನೋಡಿಕೊಂಡೇ ಮೀಸೆ ತಿದ್ದುತ್ತಿದ್ದರು. ಹೆಣ್ಣು ನೋಡಲು ಹೋದಾಗ ನನ್ನನ್ನೂ ‘ಸುಬೇದಾರರ ಕತ್ತು’ ಎಂದು ಹೊಗಳಿದ್ದುಂಟು. ಇತಿಹಾಸದ ಮೇಷ್ಟರಾದ ನಾನು ಹುಟ್ಟಿದಂದಿನಿಂದ ಆ ಚಿತ್ರದ ಕೆಳಗೆ ಕೂತು ಉಂಡಿದ್ದೇನೆ. ನಮ್ಮ ಹಳ್ಳಿಯಿಂದ ಹೋದ ಸಿಪಾಯಿಯ ಎದೆಯ ಮೇಲೆ ಅಷ್ಟು ನಕ್ಷತ್ರ ಎಲ್ಲಿಂದ ಬಂತೆಂದು ಒಂದು ಸಲವೂ ನನಗೆ ಹೊಳೆದಿರಲಿಲ್ಲ.

ನನ್ನ ಊಹೆ ಇಷ್ಟು. ಆ ಯುದ್ಧದಲ್ಲಿ ನಮ್ಮ ದೇಶದ ಹೇಸರಗತ್ತೆ ಪಡೆಗಳು ಗ್ರೀಸಿನ ಕಡೆಗೂ ಹೋಗಿದ್ದವು. ಮುತ್ತಾತ ಸುಬೇದಾರನಾಗಿರಲಿಕ್ಕಿಲ್ಲ, ಹೇಸರಗತ್ತೆ ಹೊಡೆದಿರಬೇಕು. ಅಲ್ಲಿನ ಯಾವುದೋ ಬಜಾರಿನಲ್ಲಿ ಈ ಚಿತ್ರ ಕಂಡಿರಬೇಕು. ಆ ಹೊತ್ತಿಗೆ ಈ ದೊರೆಯ ಮನೆತನ ಮುಗಿದು ಇನ್ನೊಂದು ಮನೆತನದ ಆಳ್ವಿಕೆ, ಹಾಗಾಗಿ ಚಿತ್ರ ಅಗ್ಗ. ನಮ್ಮ ಮನೆಯವರು ಅಗ್ಗಕ್ಕೆ ಸಿಕ್ಕಿದ್ದನ್ನು ಬಿಟ್ಟು ಬಂದವರಲ್ಲ. ಮುತ್ತಾತ ತಂದು ಗೋಡೆಗೆ ಹಾಕಿದ. ಮಕ್ಕಳು ಚಿಕ್ಕವರಿರುವಾಗಲೇ ಅವನು ತೀರಿಕೊಂಡ, ಆಮೇಲೆ ಬಂದ ಸೊಸೆಯರು ಮಿಲಿಟರಿ ಬಟ್ಟೆ ನೋಡಿ ಇವರೇ ಮಾವನವರು ಎಂದುಕೊಂಡರು. ಹಾರ ಹಾಕಿದರು. ಒಂದು ಸಲ ಹಾರ ಬಿದ್ದ ಮೇಲೆ ನಮ್ಮಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ.

ನಾನು ಸುಮ್ಮನಿರಬಹುದಿತ್ತು. ಆದರೆ ಮೇಷ್ಟರ ಬಾಯಿ. ಮಾರನೆಯ ದಿನವೇ ಬಸ್ಸು ಹತ್ತಿ ಊರಿಗೆ ಹೋದೆ. ಆ ಮನೆಯಲ್ಲಿ ಈಗ ಇರುವವರು ನನ್ನ ಸೋದರತ್ತೆ ಗೌರಮ್ಮ ಮತ್ತು ಅವಳ ಮಗ ನಾಗರಾಜನ ಸಂಸಾರ. ಗೌರತ್ತೆಗೆ ಎಂಬತ್ತು ದಾಟಿದೆ. ಅವಳ ಗಂಡ ಈ ಮನೆಗೆ ಇಲ್ಲಟಂ ಬಂದವರು, ಹಾಗಾಗಿ ಅವಳು ಹುಟ್ಟಿದ ಮನೆ ಬಿಟ್ಟು ಎಲ್ಲೂ ಹೋಗಿಲ್ಲ. ಸುಬೇದಾರ ತಾತ ಅವಳು ಹುಟ್ಟುವ ಮೊದಲೇ ಹೋದವನು; ಅವಳಿಗೆ ಆ ಚಿತ್ರವೇ ತಾತ. ಮಹಾಲಯ ಅಮಾವಾಸ್ಯೆಗೆ, ಅವಳ ಬಾಯಲ್ಲಿ ಪೆದ್ದಲ ಪಂಡಗಕ್ಕೆ, ಆ ಚಿತ್ರವನ್ನು ಇಳಿಸಿ, ಒರೆಸಿ, ಮಣೆಯ ಮೇಲೆ ಕೂರಿಸಿ, ಮುಂದೆ ಎಡೆ ಇಡುವವಳು ಅವಳೇ. ಅಮ್ಮನ ಕೈಯಿಂದ ಅವಳ ಕೈಗೆ ಬಂದ ಕೆಲಸ. ಅವಳು ಅದನ್ನು ಒಂದು ವರ್ಷವೂ ತಪ್ಪಿಸಿಲ್ಲ.

ನಯವಾಗಿ ಹೇಳೋಣವೆಂದು ಮೊದಲು ಫೋನಿನ ಚಿತ್ರ ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿದವಳ ಮುಖ ಅರಳಿತು.

“ನಮ್ಮ ತಾತ ಫೋನಲ್ಲೂ ಬಂದವ್ನೆ. ನಾಗರಾಜಾ, ನೋಡೋ ಇಲ್ಲಿ, ನಿಮ್ಮ ಭಾವ ಓದಿದ್ದಕ್ಕೂ ಸಾರ್ಥಕ ಆಯ್ತು.”

ನಾಗರಾಜ ಫೋನ್ ಇಸಿದುಕೊಂಡು ಕೆಳಗಿನ ಸಾಲು ಓದಿದ. ಗೋಡೆ ನೋಡಿದ, ಫೋನ್ ನೋಡಿದ, ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಇನ್ನು ಹೇಳದೆ ವಿಧಿಯಿರಲಿಲ್ಲ, ಹೇಳಿದೆ. ಗೌರತ್ತೆ ನಗಲಿಲ್ಲ, ಬೈಯಲೂ ಇಲ್ಲ. ಎದ್ದು ಚಿತ್ರದ ಹತ್ತಿರ ಹೋಗಿ ನಿಂತಳು.

“ಹಂಗಾದ್ರೆ ನಮ್ಮ ತಾತ?” ಎಂದು ನನ್ನ ಕಡೆ ತಿರುಗಿದಳು. “ಇಷ್ಟು ವರ್ಷ ನಾನು ಇಕ್ಕಿದ್ದು ಯಾರು ಉಂಡ್ರು ಶೀನಪ್ಪಾ? ನಮ್ಮ ತಾತ ವರ್ಷಕ್ಕೊಂದ್ಸಲ ಬಾಗಿಲಿಗೆ ಬಂದು, ಇನ್ಯಾರೋ ಕೂತವ್ರೆ ಅಂತ ನೋಡಿ, ಉಪಾಸ ಹೋದ್ನಾ?”

ನಾಗರಾಜನ ನಗು ನಿಂತಿತು. ನನ್ನ ಹತ್ತಿರ ಯುದ್ಧದ ಕಾರಣಗಳಿಗೆ ಉತ್ತರವಿದೆ, ಪರಿಣಾಮಗಳಿಗೆ ಉತ್ತರವಿದೆ. ಇದಕ್ಕಿರಲಿಲ್ಲ. “ಅದೆಲ್ಲ ನಂಬಿಕೆ ಅತ್ತೆ” ಎಂದೇನೋ ತೊದಲಿದೆ.

“ನಂಬಿಕೆ ಅಂತ ನಂಗೂ ಗೊತ್ತು ಕಣಪ್ಪ. ಅದಕ್ಕೇ ಕೇಳ್ತಿರೋದು” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದಳು. ನಾನು ಬಸ್ಸಿಗೆ ಹೊರಟಾಗ ಒಳಗಿನಿಂದಲೇ ಹೇಳಿದಳು, “ಈ ಸಲ ಎಡೆ ಇಕ್ಕಲ್ಲ. ಎಲ್ರಿಗೂ ಹೇಳ್ಬಿಡು. ಯಾರಿಗೇಂತ ಇಕ್ಲಿ?”

ಇದು ಸಣ್ಣ ಮಾತಲ್ಲ. ನಮ್ಮ ಮನೆತನದವರು ಗೌರಿಬಿದನೂರಿನಿಂದ ಶಿಡ್ಲಘಟ್ಟದವರೆಗೆ ಚದುರಿದ್ದಾರೆ. ಜಮೀನಿನ ತಕರಾರು, ಮದುವೆಗೆ ಕರೆಯದ ಮುನಿಸು ಎಲ್ಲ ಇವೆ. ಆದರೆ ಆ ಅಮಾವಾಸ್ಯೆ ಎಲ್ಲರೂ ಬಂದು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ಗೌರತ್ತೆ ಎಡೆ ಇಡದಿದ್ದರೆ ಅದೂ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಅವಳ ಮುಖ ನನ್ನ ಕಣ್ಣಿನಿಂದ ಹೋಗಲಿಲ್ಲ. ಎಂಬತ್ತು ದಾಟಿದ ಹೆಂಗಸಿಗೆ, ನೀನು ಇಷ್ಟು ವರ್ಷ ಹೊಗೆ ಕುಡಿದು ಬೇಯಿಸಿ ಬಡಿಸಿದ್ದು ತಪ್ಪು ಎಲೆಗೆ ಎಂದು ಹೇಳಿ ಬಂದಿದ್ದೆ. ನನಗೆ ಬಹಳ ಬೇಜಾರಾಯಿತು. ಮಧ್ಯಾಹ್ನದ ನನ್ನ ಚಟ ತಾನಾಗಿ ನಿಂತಿತು. ಯಾವ ದೊರೆಯ ಮುಖ ನೋಡಿದರೂ ಅವನು ನಮ್ಮ ಮನೆಯ ಊಟ ಕದ್ದವನ ಹಾಗೆ ಕಾಣುತ್ತಿದ್ದ. ನಾಗರಾಜ ಫೋನ್ ಮಾಡಿ, “ಭಾವ, ಅಮ್ಮ ಆ ಫೋಟೋ ಕಡೆ ತಿರುಗೂ ನೋಡ್ತಿಲ್ಲ. ನೀನು ಗೂಗಲ್ ಮಾಡಿದ್ದು ಸಾಕು” ಎಂದ. ಅವನ ದನಿಯಲ್ಲಿ ಸಿಟ್ಟಿತ್ತು, ಅದು ನ್ಯಾಯವಾಗಿಯೇ ಇತ್ತು.

ಹಬ್ಬ ಇನ್ನೇನು ಬಂತೆನ್ನುವಾಗ ಒಂದು ಬೆಳಿಗ್ಗೆ ಗೌರತ್ತೆಯದೇ ಫೋನ್ ಬಂತು. ಕ್ಷೇಮಸಮಾಚಾರ ಏನೂ ಇಲ್ಲ.

“ಶೀನಪ್ಪಾ, ಎಡೆ ಇಕ್ಕಿ ನಾನು ಯಾರ ಹೆಸ್ರು ಹಿಡ್ದು ಕರೀತಿದ್ದೆ?”

“ಮುತ್ತಾತನದು.”

“ಬಾಯ್ಬಿಟ್ಟು ಹೇಳು.”

“ಮುನಿಶಾಮಪ್ಪ.”

“ಮತ್ತೆ? ಮುನಿಶಾಮಪ್ಪ ಅಂತ ಕರೆದ್ರೆ ಮುನಿಶಾಮಪ್ಪನೇ ಬರ್ತಾನೆ. ನಿನ್ನ ಕಾಲೇಜಲ್ಲಿ ಹಾಜ್ರಿ ಕೂಗಿದ್ರೆ ಒಬ್ಬನ ಹೆಸ್ರಿಗೆ ಇನ್ನೊಬ್ಬ ಎದ್ದು ನಿಲ್ತಿದ್ನಾ?”

ನಿಲ್ಲುತ್ತಿದ್ದರು. ದಿನವೂ ನಿಲ್ಲುತ್ತಿದ್ದರು. ಆದರೆ ಉನ್ನತ ಶಿಕ್ಷಣದ ಸ್ಥಿತಿಗತಿ ಚರ್ಚಿಸಲು ಅದು ಸಮಯವಲ್ಲವೆಂದು, “ಇಲ್ಲ ಅತ್ತೆ” ಎಂದೆ.

“ನಮ್ಮ ತಾತನಿಗೆ ತನ್ನ ಮನೆ ಗುರುತು ಹಿಡಿಯಕ್ಕೆ ಫೋಟೋ ಬೇಕಾ? ಅವನು ಬಂದವ್ನೆ, ಉಂಡವ್ನೆ. ಅದ್ರಲ್ಲಿ ಅನುಮಾನ ಇಲ್ಲ. ಉಪಾಸ ಇದ್ದೋನು ಇವನು ಕಣೋ.”

“ಯಾರು?”

“ಈ ದೊರೆ. ಮಣೆ ಮೇಲೆ ಕೂರ್ಸಿ, ಹಾರ ಹಾಕಿ, ಬೊಟ್ಟಿಟ್ಟು, ಮುಂದಕ್ಕೆ ಎಲೆ ಹಾಕಿ, ಆಮೇಲೆ ಬೇರೆಯವ್ರ ಹೆಸ್ರು ಕೂಗಿದ್ದೀವಿ. ಕರೀದೆ ಅವನು ಹೆಂಗೆ ಕೈ ಹಾಕ್ತಾನೆ? ಮಾನವಂತ. ವರ್ಷ ವರ್ಷ ನೋಡ್ಕಂಡು ಕೂತವ್ನೆ. ಮನೆಗೆ ಬಂದೋರಿಗೆ ಹಂಗೆ ಯಾರಾದ್ರೂ ಮಾಡ್ತಾರಾ?”

ಅವಳಿಗೆ ಇನ್ನೂ ಪ್ರಶ್ನೆಗಳಿದ್ದವು. ಅವನಿಗೆ ಮಕ್ಕಳು ಮರಿ ಇಲ್ಲವೇ, ಅವರು ಇಡುವುದಿಲ್ಲವೇ? ಇದ್ದದ್ದು ಹೇಳಿದೆ. ಸಿಂಹಾಸನ ತಾನೇ ಬಿಟ್ಟು ಪರದೇಶದಲ್ಲಿ ಸತ್ತ. ಉಳಿದ ಒಬ್ಬ ಮಗನೂ ದೊರೆಯಾದ, ಅವನನ್ನು ಅರಮನೆಯಲ್ಲೇ ಕೊಂದರು. ವಂಶ ಅಲ್ಲಿಗೆ ನಿಂತಿತು.

ನಾನು ಪಾಠ ಮಾಡುವಾಗ ಆ ಕೊಲೆಯನ್ನು ಒಂದೇ ವಾಕ್ಯದಲ್ಲಿ ಮುಗಿಸುತ್ತಿದ್ದೆ, ಪರೀಕ್ಷೆಗೆ ಎರಡು ಅಂಕ. ಅದನ್ನು ಕೇಳಿ ಮರುಗಿದವರನ್ನು ಕಂಡದ್ದು ಅದೇ ಮೊದಲು.

“ರಾಮುಡಾ” ಎಂದು ಲೊಚಗುಟ್ಟಿದಳು. “ಅವ್ರ ಕಡೆ ಪೆದ್ದಲ ಪಂಡಗ ಐತಾ? ಏನು ಇಕ್ತಾರೆ ಕೇಳಿ ಹೇಳು.”

ಬಾಲ್ಕನ್ ಇತಿಹಾಸದ ಬಗ್ಗೆ ನನ್ನನ್ನು ಯಾರೂ ಹೀಗೆ ಮನಸ್ಸಿಟ್ಟು ಪ್ರಶ್ನೆ ಕೇಳಿದ್ದಿಲ್ಲ. ಆವತ್ತು ಮಧ್ಯಾಹ್ನ ಮತ್ತೆ ಕುರ್ಚಿ ಹಾಕಿಕೊಂಡು ಕೂತು ಹುಡುಕಿದೆ. ಇದೆ. ವರ್ಷದಲ್ಲಿ ಕೆಲವು ಶನಿವಾರ ಅವರು ಸತ್ತವರಿಗೆಂದೇ ಇಟ್ಟಿದ್ದಾರೆ. ಗೋಧಿಯನ್ನು ಇಡಿಯಾಗಿ ಬೇಯಿಸಿ, ಸಕ್ಕರೆ ಬೆರೆಸಿ, ದೀಪ ಹಚ್ಚಿ, ಸಮಾಧಿಯ ಹತ್ತಿರ ತಿಂಡಿ ಇಟ್ಟು, ಸ್ವಲ್ಪ ಮದ್ಯವನ್ನೂ ಸುರಿಯುತ್ತಾರೆ. ಓದುತ್ತ ನನಗೆ ಮೈ ಜುಮ್ಮೆಂದಿತು. ಗೌರತ್ತೆಗೆ ಹೇಳಿದಾಗ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. “ಮತ್ತೆ, ಇಕ್ದೆ ಇರ್ತಾರಾ? ಗೋಧಿ ಪಾಯ್ಸ ಮಾಡಣ ಬಿಡು. ಬರೀ ಪಾಯ್ಸಕ್ಕೆ ಯಾರೂ ಬರಲ್ಲ, ಮಿಕ್ಕಿದ್ದು ಮುದ್ದೆ, ಸಾರು ನಮ್ಮನೇದೇ ಆಗ್ಲಿ” ಎಂದು ಫೋನ್ ಇಟ್ಟಳು.

ಅಮಾವಾಸ್ಯೆಯ ದಿನ ಎಲ್ಲರೂ ಬಂದರು. ವಿಷಯ ಅಷ್ಟು ಹೊತ್ತಿಗೆ ಜಿಲ್ಲೆಯ ಈ ತುದಿಯಿಂದ ಆ ತುದಿಗೆ ಹರಡಿತ್ತು. ನಗಬೇಕೆಂದುಕೊಂಡೇ ಬಂದವರೂ ಇದ್ದರು. ನಡುಮನೆಯಲ್ಲಿ ಎರಡು ಎಲೆ ಹಾಕಿತ್ತು. ಒಂದರ ಹಿಂದೆ ಮಣೆಯ ಮೇಲೆ ದೊರೆ, ಗಾಜು ಒರೆಸಿ ಹೊಸ ಹಾರ ಹಾಕಿಸಿಕೊಂಡಿದ್ದ. ಇನ್ನೊಂದರ ಹಿಂದೆ ಬರಿಯ ಮಣೆ, ಅದರ ಮೇಲೆ ಮಡಿಸಿದ ಹೊಸ ಪಂಚೆ, ಟವಲ್, ಒಂದು ಕಟ್ಟು ಬೀಡಿ. ಮುಖವಿಲ್ಲದ ಆ ಮಣೆ ನೋಡಿ ಯಾರೂ ನಗಲಿಲ್ಲ. ನನಗೆ ದುಃಖವಾಯಿತು. ಅಷ್ಟು ದೂರ ಹೋಗಿ ಬಂದ ಮನುಷ್ಯ ಹೇಗಿದ್ದನೆಂದು ಹೇಳಬಲ್ಲವರು ಒಬ್ಬರೂ ಉಳಿದಿಲ್ಲ. ಒಂದು ಚಿತ್ರ ತಂದ, ಅದೂ ಇನ್ನೊಬ್ಬನದು. ಸುತ್ತ ನಿಂತಿದ್ದ ನಮ್ಮವರ ಮುಖಗಳನ್ನೆಲ್ಲ ಒಂದು ಸುತ್ತು ನೋಡಿದೆ. ಮೂಗೋ ಕಿವಿಯೋ ಹಂಚಿಹೋಗಿ ಅಲ್ಲೇ ಎಲ್ಲೋ ಇರಬೇಕು ಎಂದುಕೊಂಡೆ.

“ದೊರೆಗೆ ಬಟ್ಟೆ ಏನಿಡೋದಮ್ಮ?” ನಾಗರಾಜ ಕೇಳಿದ.

“ಅವ್ನ ಮೈಮೇಲೆ ಅಷ್ಟೊಂದು ಐತೆ. ಒಂದು ತೆಳ್ಳನೆ ಪಂಚೆ ಇಡು, ಸೆಕೆ ಪಾಪ.”

ಗೌರತ್ತೆ ಸಾಂಬ್ರಾಣಿ ಹಾಕಿ ಮೊದಲು ಖಾಲಿ ಮಣೆಗೆ ಕೈ ಮುಗಿದಳು. “ಮುನಿಶಾಮಪ್ಪ ತಾತಾ, ಬಾ, ಉಣ್ಣು” ಎಂದಳು. ಆಮೇಲೆ ಈ ಕಡೆ ತಿರುಗಿದಳು. ದೊರೆಯ ಪೂರ್ತಿ ಹೆಸರನ್ನು ನಾನು ಹಿಂದಿನ ದಿನವೇ ಹೇಳಿಕೊಟ್ಟಿದ್ದೆ. ಎರಡು ಸಲ ಪ್ರಯತ್ನಿಸಿ, “ಬಾಯಲ್ಲಿ ಹುಣಸೆಬೀಜ ಸಿಕ್ಕಂಗಾಗ್ತದೆ” ಎಂದು ಕೈಬಿಟ್ಟಳು. “ದೊರೆಪ್ಪಾ, ಬಾರಪ್ಪ. ನಿಂಗೂ ಇಕ್ಕಿದ್ದೀವಿ. ಇಷ್ಟು ದಿನ ಗೊತ್ತಾಗ್ಲಿಲ್ಲ, ಮನ್ಸಲ್ಲಿ ಇಟ್ಕಬೇಡ.”

“ಹೆಸರಿಗೇ ಬರ್ತಾರೆ ಅಂದಿದ್ಯಲ್ಲ ಅತ್ತೆ. ದೊರೆಪ್ಪ ಅಂದ್ರೆ ಯಾವ ದೊರೆ ಅಂತ ಅವರಿಗೆ ತಿಳೀಬೇಕಲ್ಲ” ಎಂದೆ. ಮೇಷ್ಟರ ಬಾಯಿ ಎಂದು ಆಗಲೇ ಹೇಳಿದೆ.

“ಈ ಮನೇಲಿ ಇನ್ನೆಷ್ಟು ಜನ ದೊರೆಗಳವ್ರೆ?” ಎಂದು ಅವಳು ನನ್ನನ್ನು ಹೊರಗೆ ಅಟ್ಟಿದಳು.

ನಮ್ಮಲ್ಲಿ ಎಡೆ ಇಟ್ಟ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿಬಿಡುತ್ತೇವೆ. ಹಿರಿಯರು ಉಣ್ಣುವಾಗ ಯಾರೂ ನೋಡಬಾರದು. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತಟ್ಟಿ ಒಳಗೆ ಹೋಗುವುದು, ಆಮೇಲೆ ನಮ್ಮ ಊಟ. ನಾನು ಇದನ್ನು ಯಾವತ್ತೂ ನಂಬಿದವನಲ್ಲ. ಪ್ರತಿವರ್ಷ ಆ ಹೊತ್ತಿನಲ್ಲಿ ಅಂಗಳದಲ್ಲಿ ನಿಂತು ಯಾರೊಂದಿಗಾದರೂ ರಾಜಕೀಯ ಮಾತಾಡುತ್ತಿದ್ದೆ. ಈ ಸಲ ಬಾಗಿಲ ಹತ್ತಿರವೇ ನಿಂತೆ. ಒಳಗಿನಿಂದ ಕೋಳಿಸಾರಿನ ವಾಸನೆ ಬಾಗಿಲ ಸಂದಿಯಲ್ಲಿ ಬರುತ್ತಿತ್ತು. ಹೇಸರಗತ್ತೆ ಹೊಡೆದವನೂ ಕತ್ತಿ ಹಿಡಿದವನೂ ಅಕ್ಕಪಕ್ಕ ಕೂತಿದ್ದಾರೆ ಎಂದು ಯೋಚಿಸಿದೆ. ಒಬ್ಬನಿಗೆ ಮುಖವಿಲ್ಲ, ಒಬ್ಬನಿಗೆ ಮನೆಯಿಲ್ಲ.

ನಾಗರಾಜನಿಗೆ ಹಸಿವು ತಡೆಯಲಿಲ್ಲ. “ಆಯ್ತಲ್ಲಮ್ಮ, ತೆಗೆಯಣ” ಎಂದು ಚಿಲಕಕ್ಕೆ ಕೈ ಹಾಕಿದ. ಗೌರತ್ತೆ ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ಆ ಕಡೆಯವರ ರೀತಿ ರಿವಾಜು ತಿಳಿದವನು ಅಲ್ಲಿ ನಾನೊಬ್ಬನೇ ತಾನೆ.

ನಾನು ಮುಂದೆ ಹೋಗಿ ನಾಗರಾಜನ ಕೈ ಹಿಡಿದುಕೊಂಡೆ.

“ಇನ್ನೊಂಚೂರು ತಾಳೋ” ಎಂದೆ. “ಅವ್ರಿಗೆ ಮುದ್ದೆ ಹೊಸದು, ನುಂಗಕ್ಕೆ ಹೊತ್ತಾಗುತ್ತೆ.”